ಸಿಯಾಟಲ್‌ನಲ್ಲಿರುವ ಮಗಳಿಗೊಂದು ಪತ್ರ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ಉಡುಪಿಯಿಂದ ಅಮ್ಮ ಮಾಡುವ ಆಶೀರ್ವಾದಗಳು.

ವಿಡಿಯೊ ಕರೆಯಲ್ಲಿ ಮಕ್ಕಳ ಗಲಾಟೆಯ ನಡುವೆ ಹೇಳಲಾಗದ ಮಾತೊಂದನ್ನು ಬರೆಯುತ್ತಿದ್ದೇನೆ. ಕರೆ ಮಾಡಿದಾಗಲೆಲ್ಲ ನೀನು ಪುಟ್ಟಿಯ ಮುಖವನ್ನು ಪರದೆಯತ್ತ ತಿರುಗಿಸಿ, "ಅಜ್ಜಿಗೆ ನಮಸ್ಕಾರ ಮಾಡು" ಎಂದು ಒತ್ತಾಯಿಸುತ್ತೀ. ಅವಳು ಕೊಸರಿಕೊಂಡು ಓಡಿದರೆ ನನಗೆ ಬೇಸರವಾಯಿತೇನೋ ಎಂದು ನಿನ್ನ ಮುಖ ಬಾಡುತ್ತದೆ. ನನಗೆ ಬೇಸರವಿಲ್ಲ ಮಗಾ. ಅವಳಿಗಿನ್ನೂ ಒಂದೂವರೆ ವರ್ಷ ತುಂಬಿಲ್ಲ. ಫೋನನ್ನು ಊಟದ ಮೇಜಿನ ಮೇಲೆ ಆನಿಸಿ ಇಟ್ಟುಬಿಡು. ಅವಳು ಅನ್ನ ಚೆಲ್ಲುತ್ತಾ ಉಣ್ಣುವುದನ್ನು, ಅಣ್ಣನ ತಟ್ಟೆಗೆ ಕೈಹಾಕುವುದನ್ನು ನೋಡುತ್ತಾ ನಾನು ಇಲ್ಲಿ ತರಕಾರಿ ಹೆಚ್ಚುತ್ತಿರುತ್ತೇನೆ. ಒಂದೇ ಮನೆಯಲ್ಲಿದ್ದಿದ್ದರೂ ನಾವು ದಿನವಿಡೀ ಎದುರುಬದುರು ಕುಳಿತು ಮಾತನಾಡುತ್ತಿರಲಿಲ್ಲವಲ್ಲ.

ಎಳೆಯ ಮಗುವಿಗೆ ಪರದೆ ತೋರಿಸಬಾರದೆಂಬ ನಿನ್ನ ಅಳುಕು ಸರಿಯೇ. ಆದರೆ ನಿಮ್ಮಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ, 18 ತಿಂಗಳೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ಹೇಳುವಾಗಲೂ ವಿಡಿಯೊ ಕರೆಯನ್ನು ಹೊರತುಪಡಿಸಿತ್ತು. ಕಾರ್ಟೂನು ಅವಳ ನಗುವಿಗೆ ಮರುನಗು ಕೊಡುವುದಿಲ್ಲ. ಅವಳು ನಿನ್ನ ದುಪಟ್ಟಾದಲ್ಲಿ ಮುಖ ಮುಚ್ಚಿ ತೆರೆದ ಕ್ಷಣವೇ ನಾನು "ಕೂ" ಎನ್ನುತ್ತೇನೆ. ಆದರೂ ಆ ವಯಸ್ಸಿಗೆ ಪರದೆಯ ಮುಖವೊಂದೇ ಸಾಲದು. ನಾನು ಇಲ್ಲಿಂದ ತುತ್ತು ಚಾಚಿದಾಗ ನೀನು ಅಲ್ಲಿ ಪಕ್ಕದಲ್ಲಿ ಕುಳಿತು ಅವಳ ಬಾಯಿಗೊಂದು ತುತ್ತಿಟ್ಟರೆ, ಅದು ಅಜ್ಜಿಯ ಕೈತುತ್ತೇ ಆಗುತ್ತದೆ.

ದೊಡ್ಡವನ ವಿಷಯ ಬೇರೆ. ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಯಂದು ಅಜ್ಜ ರಥಬೀದಿಯಿಂದ ಹುಲಿವೇಷ ತೋರಿಸಿದಾಗ, ಹುಲಿಗಳು ಕುಣಿಯುತ್ತಿದ್ದರೂ ತಾಸೆ ವಾದ್ಯದ ಪೆಟ್ಟು ಕೇಳಿಸಲಿಲ್ಲವೆಂದು ಅವನು ಅತ್ತುಬಿಟ್ಟನಲ್ಲ. ಇಂಥ ಕರೆಗಳಲ್ಲಿ ಮಾತನ್ನು ಉಳಿಸಿಕೊಂಡು ಬೇರೆ ಸದ್ದನ್ನು ಅಡಗಿಸುವ ಏರ್ಪಾಡಿರುತ್ತದೆ. ಇನ್ನು ಮುಂದೆ ಅಂಥದ್ದನ್ನು ರೆಕಾರ್ಡ್ ಮಾಡಿ ಮೊದಲೇ ಕಳುಹಿಸುತ್ತೇವೆ. ಅವನು ಕೇಳಿಕೊಂಡು ಕುಣಿಯಲಿ, ಕರೆಯಲ್ಲಿ ನಾವು ಅವನ ಹುಲಿಯನ್ನು ನೋಡುತ್ತೇವೆ. ಒಂದೇ ಚಿತ್ರಪುಸ್ತಕದ ಎರಡು ಪ್ರತಿ ಕೊಂಡು, ಒಂದನ್ನು ಅಂಚೆಗೆ ಹಾಕಿದ್ದೇನೆ. ಕಥೆ ಓದುವವಳು ನಾನು, ಪುಟ ತಿರುಗಿಸುವ ಹೊತ್ತನ್ನು ಹೇಳುವವನು ಅವನು.

ನವೆಂಬರಿನ ಮೊದಲ ಭಾನುವಾರ ನಿಮ್ಮ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ, ನಿಮ್ಮ ಸಂಜೆ ಆರೂವರೆಯ ಊಟ ಇಲ್ಲಿ ಬೆಳಗ್ಗೆ ಏಳರ ಬದಲು ಎಂಟಕ್ಕೆ ಬರುತ್ತದೆ. ನಮಗಾಗಿ ಮಕ್ಕಳ ಊಟ, ನಿದ್ದೆಯ ಹೊತ್ತನ್ನು ಬದಲಿಸಬೇಡ. ಅಪ್ಪ ಪೇಟೆಗೆ ಹೋಗುವುದನ್ನು ಒಂಬತ್ತಕ್ಕೆ ಇಟ್ಟುಕೊಳ್ಳುತ್ತಾರೆ. ಕರೆ ಐದೇ ನಿಮಿಷದಲ್ಲಿ ಮುಗಿದರೂ ಚಿಂತೆಯಿಲ್ಲ, ಮರುದಿನ ಮತ್ತೆ ಮಾಡು.

ಇತಿ,
ನಿನ್ನ ಅಮ್ಮ