ಮೊದಲು ನಿನ್ನ ಮೈ: ಬ್ಯಾಂಕಾಕ್‌ನಿಂದ ಮಂಜುಗೊಂದು ಪತ್ರ

ಪ್ರೀತಿಯ ಮಂಜು,

ಹೋದ ವಾರ ಫೋನಿನಲ್ಲಿ ಕೇಳಿದೆಯಲ್ಲ, "ಯೋಗ ಕಲಿಯೋಕೆ ಮೈಸೂರು ಬಿಟ್ಟು ಅಲ್ಲಿಗ್ಯಾಕೋ ಹೋದೆ?" ಅಂತ. ಅವತ್ತು ಸರಿಯಾಗಿ ಹೇಳೋಕೆ ಆಗಲಿಲ್ಲ. ಇವತ್ತು ಭಾನುವಾರ, ತರಗತಿ ಇಲ್ಲ. ನಿಧಾನವಾಗಿ ಬರೆಯುತ್ತಿದ್ದೇನೆ.

ನಾನು ಬಂದಿದ್ದು ಥಾಯ್ ಮಸಾಜ್ ಕಲಿಯೋಕೆ. ಆದರೆ ನಮ್ಮ ಗುರುಗಳು ಮೊದಲ ವಾರ ಯಾರ ಮೈಯನ್ನೂ ಮುಟ್ಟೋಕೆ ಬಿಡಲಿಲ್ಲ. "ಮೊದಲು ನಿನ್ನ ಮೈ" ಅಂದರು. ಹೀಗೆ ಕಲಿತದ್ದು ರೂಸಿ ದತ್ ತೊನ್, ಇಲ್ಲಿನವರ ಯೋಗ. ರೂಸಿ ಅಂದರೆ ನಮ್ಮ ಋಷಿಯೇ. ದತ್ ಅಂದರೆ ಬಗ್ಗಿಸಿ ನೆಟ್ಟಗೆ ಮಾಡುವುದು. ತೊನ್ ಅಂದರೆ ತನ್ನನ್ನು. ಋಷಿ ತನ್ನ ಮೈಯನ್ನು ತಾನೇ ಬಗ್ಗಿಸಿ ಸರಿ ಮಾಡಿಕೊಳ್ಳುವುದು.

ಇಲ್ಲಿನ ಆರೋಗ್ಯ ಇಲಾಖೆ ಎಲ್ಲರೂ ಮಾಡಲಿ ಅಂತ 15 ಭಂಗಿಗಳನ್ನು ಆರಿಸಿಟ್ಟಿದೆ. ಅದರಲ್ಲಿ ಮೊದಲನೆಯದು ಏನು ಗೊತ್ತಾ? ಮುಖ. ಕನ್ನಡಿ ಮುಂದೆ ಕೂತು ರೆಡಿಯಾಗುವ ಹಾಗೆಯೇ ಇರುತ್ತೆ. ಹಣೆಯಿಂದ ಹಿಂದಕ್ಕೆ ಕೂದಲು ಸವರು. ಕೆನ್ನೆಗೆ ಪೌಡರ್ ಹಚ್ಚಿದ ಹಾಗೆ ಕೈಯಾಡಿಸು. ಬಾಯಿ ಒರೆಸು, ಗದ್ದ ಒರೆಸು, ಗದ್ದದ ಕೆಳಗೆ ಒತ್ತು. ಕಿವಿಯ ಹಿಂದೆ ಮುಂದೆ ತಿಕ್ಕು. ಕೊನೆಗೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ, ಬೆರಳುಗಳಿಂದ ತಲೆಯ ಹಿಂಭಾಗಕ್ಕೆ ತಟ್ಟು. ಒಳಗೆಲ್ಲೋ ದೂರದಲ್ಲಿ ಡೊಳ್ಳು ಬಾರಿಸಿದ ಹಾಗೆ ಕೇಳುತ್ತೆ. ಒಂದ್ಸಲ ಮಾಡಿ ನೋಡು, ಈಗಲೇ.

ನಮ್ಮ ಆಸನಗಳಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಅಲ್ಲೇ ಕಂಡಿತು. ಇಲ್ಲಿ ಕೈ ಸುಮ್ನೆ ಇರೋದಿಲ್ಲ. ಕಾಲು ಚಾಚಿದರೆ ಕೈ ತೊಡೆಯನ್ನು ಒತ್ತುತ್ತಾ ಹೋಗುತ್ತೆ, ಕತ್ತು ತಿರುಗಿಸಿದರೆ ಗದ್ದವನ್ನು ತಳ್ಳುತ್ತೆ. ಉಸಿರು ತೆಗೆದುಕೊಳ್ಳುತ್ತಾ ಭಂಗಿಗೆ ಹೋಗಿ, ಸ್ವಲ್ಪ ಹೊತ್ತು ಉಸಿರು ಹಿಡಿದು ಒತ್ತಿ, ಬಿಡುತ್ತಾ ವಾಪಸ್ ಬರಬೇಕು. ಅಂದರೆ ಮಸಾಜ್ ಮಾಡುವವನೂ ನೀನೇ, ಮಾಡಿಸಿಕೊಳ್ಳುವವನೂ ನೀನೇ.

ಇಲ್ಲೇ ಬ್ಯಾಂಕಾಕ್‌ನಲ್ಲಿರುವ ವಾಟ್ ಫೋ ಅನ್ನೋ ಬೌದ್ಧ ದೇವಾಲಯಕ್ಕೆ ಮೂರು ಸಲ ಹೋಗಿ ಬಂದೆ. ಜನ ಹೋಗೋದು 46 ಮೀಟರ್ ಉದ್ದದ ಮಲಗಿರುವ ಬುದ್ಧನನ್ನು ನೋಡೋಕೆ. ನಾನು ಹೋಗಿದ್ದು ಅಂಗಳದ ಕಲ್ಲುಗುಡ್ಡಗಳ ಮೇಲೆ ಕೂತಿರುವ ಋಷಿಗಳಿಗಾಗಿ. 1836ರಲ್ಲಿ ಇಲ್ಲಿನ ರಾಜ ಮೂರನೇ ರಾಮ ಸತು ಮತ್ತು ತವರ ಬೆರೆಸಿ 80 ಋಷಿಗಳ ಮೂರ್ತಿ ಎರಕ ಹೊಯ್ಯಿಸಿದ. ಒಂದೊಂದಕ್ಕೂ ಒಂದು ಪದ್ಯ. ಈ ಭಂಗಿ ಯಾವ ನೋವಿಗೆ ಅಂತ ಅದರಲ್ಲೇ ಹೇಳಿದೆ. ಪದ್ಯ ಬರೆದವರಲ್ಲಿ ರಾಜನೂ ಇದ್ದ, ಭಿಕ್ಷುಗಳೂ ಇದ್ದರು. ಈಗ ಉಳಿದಿರೋದು ಇಪ್ಪತ್ತು ಚಿಲ್ಲರೆ ಮೂರ್ತಿ ಮಾತ್ರ. ಹತ್ತಿರ ಹೋಗಿ ಮುಖ ನೋಡಬೇಕು. ತಪಸ್ಸಿನ ಶಾಂತಿಯೇನೂ ಇಲ್ಲ, ನೋವಿರುವ ಜಾಗ ಸಿಕ್ಕಾಗ ಮುಖ ಕಿವುಚ್ತೀವಲ್ಲ, ಹಾಗಿದೆ. ಒಂದು ಕಡೆ ಇಬ್ಬರು ಋಷಿಗಳಿದ್ದಾರೆ. ಒಬ್ಬ ಇನ್ನೊಬ್ಬನ ಮೈ ಒತ್ತುತ್ತಿದ್ದಾನೆ. ಯೋಗ ಎಲ್ಲಿ ಮುಗೀತು, ಮಸಾಜ್ ಎಲ್ಲಿ ಶುರುವಾಯಿತು? ಆ ಜೋಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ.

"ಇದೆಲ್ಲ ನಮ್ಮಿಂದಲೇ ಹೋಗಿದ್ದು ಅಲ್ವಾ?" ಅಂತ ನೀನು ಕೇಳೇ ಕೇಳ್ತೀಯ. ಹೆಸರುಗಳೇನೋ ಹೋಗಿವೆ. ಮೈಯೊಳಗೆ ಗಾಳಿ ಓಡಾಡುವ 72,000 ದಾರಿಗಳು, ಅದರಲ್ಲಿ ಮುಖ್ಯವಾದವು 10 ಅಂತಾರೆ. ದಾರಿಗೆ ಇವರ ಮಾತು ಸೆನ್. ಇತ್ಥಾ, ಪಿಂಗ್‌ಖಲಾ, ಸುಮನಾ. ನಮ್ಮ ಯೋಗದಲ್ಲಿ ಹೇಳುವ ನಾಡಿಗಳು ಇಡಾ, ಪಿಂಗಳಾ, ಸುಷುಮ್ನಾ ಇವೇ ಅಂತ ಕೇಳಿದ ಕೂಡಲೇ ಗೊತ್ತಾಗುತ್ತೆ. ಆದರೆ ನಮ್ಮ ಸುಷುಮ್ನಾ ಬೆನ್ನುಮೂಳೆಯೊಳಗೆ ಹೋದರೆ, ಇವರ ಸುಮನಾ ಹೊಕ್ಕುಳಿಂದ ಎದೆಯಲ್ಲಿ ಹತ್ತಿ ನಾಲಿಗೆಯ ಬುಡ ಮುಟ್ಟುತ್ತೆ. ಪ್ರತಿ ದಿನ ತರಗತಿಗೆ ಮೊದಲು ಬುದ್ಧನ ವೈದ್ಯ ಜೀವಕನಿಗೆ, ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ನಮಸ್ಕಾರ ಹೇಳುತ್ತೇವೆ. ಮಸಾಜಿಗೆ ಅವನೇ ಮೂಲಗುರು ಅಂತ ಇವರ ನಂಬಿಕೆ. ಆದರೆ ಪಾಲಿ ಕಥೆಯಲ್ಲಿ ಬರೋದು ಅವನ ಮೂಲಿಕೆ, ಅವನ ಶಸ್ತ್ರಚಿಕಿತ್ಸೆ, ಮಸಾಜ್ ಅಲ್ಲ. ಹಾಗಾಗಿ ಎಲ್ಲ ನಮ್ಮದೇ ಅಂತ ಎದೆ ತಟ್ಟಿಕೊಳ್ಳೋದು ಬೇಡ ಮಂಜು. ಎಷ್ಟೋ ಭಂಗಿಗಳು, ಗದ್ದೆಯಿಂದ ಬಂದವನು ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗುತ್ತಾನಲ್ಲ, ಹಾಗೇ ಇವೆ. ಬಂದದ್ದನ್ನು ತಮ್ಮ ಮೈಗೆ ಹೊಂದಿಸಿಕೊಂಡು ಇಷ್ಟು ಕಾಲ ಕಾಪಾಡಿದವರು ಇವರು.

ನಮ್ಮಲ್ಲಿ ಅಜ್ಜಿ "ವಾಯು ಹಿಡಿದಿದೆ" ಅಂತಿರಲಿಲ್ವಾ, ಇಲ್ಲೂ ಅದೇ. ಗಾಳಿಗೆ ಲೋಮ್ ಅಂತಾರೆ. ಸೆನ್‌ನಲ್ಲಿ ಲೋಮ್ ಸಿಕ್ಕಿಕೊಂಡರೆ ನೋವು. ತೊಡೆಯ ಸಂದಿನಲ್ಲಿ ನಾಡಿ ಬಡಿಯುವ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿದು, ಮೆಲ್ಲಗೆ ಬಿಡುತ್ತಾರೆ. ಗಾಳಿಯ ಬಾಗಿಲು ತೆರೆಯೋದು ಅಂತ ಅದರ ಹೆಸರು. ಬಿಟ್ಟ ಕೂಡಲೇ ಪಾದದವರೆಗೆ ಬಿಸಿ ಇಳಿಯುತ್ತೆ. ಹೃದಯದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಇದನ್ನು ಮಾಡಲೇಬಾರದು. ಈ ಎಚ್ಚರವನ್ನು ಗುರುಗಳು ದಿನಾ ಹೇಳುತ್ತಾರೆ.

ಎರಡನೇ ವಾರ ಇನ್ನೊಬ್ಬರ ಕಾಲು ಕೈಗೆ ಬಂತು. ಎಣ್ಣೆ ಇಲ್ಲ, ಮೈಮೇಲೆ ಬಟ್ಟೆ ಇದ್ದ ಹಾಗೇ, ನೆಲದ ಹಾಸಿಗೆ ಮೇಲೆ, ಪಾದದಿಂದ ಶುರು. ಬೆರಳ ಬಲದಲ್ಲೇ ಒತ್ತಿದೆ. ಮೂರನೇ ದಿನಕ್ಕೆ ಹೆಬ್ಬೆರಳು ಬಾತುಕೊಂಡಿತು. ಗುರುಗಳು ನನ್ನ ಮೊಣಕೈ ಹಿಡಿದು ನೇರ ಮಾಡಿದರು. ಸೊಂಟದಿಂದ ಮುಂದಕ್ಕೆ ಬಾಗು, ಮೈಭಾರ ತಾನೇ ಇಳಿಯಲಿ ಅಂದರು. ಆಗ ನನ್ನ ತೊಡೆಯನ್ನು ನಾನೇ ಒತ್ತಿಕೊಂಡ ಬೆಳಗುಗಳು ನೆನಪಾದವು. ಎಲ್ಲಿ ಹಿತ, ಎಲ್ಲಿ ಸಾಕು ಅನ್ನಿಸುತ್ತೆ ಅಂತ ಕೈಗೆ ಆಗಲೇ ಗೊತ್ತಿತ್ತು. ಎದುರಿಗಿದ್ದ ಹೆಂಗಸು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ನನ್ನ ಉಸಿರೂ ಅದರ ಜೊತೆಗೇ ಹೋಯಿತು. ಆ ಒಂದು ಗಳಿಗೆಗೆ ಇಷ್ಟು ದೂರ ಬಂದದ್ದು ಸಾರ್ಥಕ ಅನ್ನಿಸಿತು.

ಮುಂದಿನ ತಿಂಗಳು ಬರ್ತೀನಿ. ಅಮ್ಮನ ಮಂಡಿನೋವು ಹೇಗಿದೆ? ನಾನು ಬರುವವರೆಗೆ ಅವರಿಗೆ ಆ ಮುಖದ ಪಾಠ ಹೇಳಿಕೊಡು, ಕುರ್ಚಿಯಲ್ಲಿ ಕೂತೇ ಮಾಡಬಹುದು. ನಡುಮನೆಯಲ್ಲಿ ಒಂದು ದಪ್ಪ ಜಮಖಾನ ಹಾಸಿಡು. ಪಾದದಿಂದ ಶುರು ಮಾಡೋಣ.

ನಿನ್ನ,
ಸುರೇಶ