ಗೋಪುರದ ಕಲ್ಲಲ್ಲಿ ಒಂದು ಪದ

ಎಲ್ರಿಗೂ ನಮಸ್ಕಾರ. ಈ ಸಂಚಿಕೆ ಲೇಟಾಯ್ತು, ಬೈಕೋಬೇಡಿ, ರಜೆಗೆ ದಕ್ಷಿಣ ಫ್ರಾನ್ಸ್‌ಗೆ ಹೋಗಿದ್ವಿ. ಮಕ್ಕಳು ಬೀಚ್ ಅಂದ್ರು, ನಾನು ಏಗ್‌ಮೋರ್ತ್ ಅನ್ನೋ ಹಳೇ ಕೋಟೆ ಊರು ಅಂದೆ, ಕೊನೆಗೆ ಅರ್ಧ ದಿನ ನನ್ನ ಪಾಲಿಗೆ ಬಂತು.

ಅಲ್ಲಿ ಕೋಟೆಗೆ ಅಂಟಿಕೊಂಡು ಕಾನ್‌ಸ್ಟಾನ್ಸ್ ಗೋಪುರ ಅಂತಿದೆ, 13ನೇ ಶತಮಾನದ್ದು, ಗೋಡೆ ದಪ್ಪಾನೇ ಹತ್ತತ್ರ 6 ಮೀಟರ್. ಕ್ಯಾಥೋಲಿಕ್ ಸಭೆಯಿಂದ ಬೇರೆಯಾದ ಪ್ರಾಟೆಸ್ಟೆಂಟ್ ಕ್ರೈಸ್ತರಿಗೆ ಆರಾಧನೆಯ ಹಕ್ಕು ಕೊಟ್ಟಿದ್ದ ನಾಂಟ್ ಶಾಸನವನ್ನ 1685ರಲ್ಲಿ ಫ್ರಾನ್ಸಿನ ಕ್ಯಾಥೋಲಿಕ್ ರಾಜ ಹದಿನಾಲ್ಕನೇ ಲೂಯಿ ರದ್ದು ಮಾಡಿದ್ಮೇಲೆ ಅವರು ಆರಾಧನೆಗೆ ಸೇರೋದೇ ಅಪರಾಧ ಆಗೋಯ್ತು, ಸಿಕ್ಕಿಬಿದ್ದ ಗಂಡಸರನ್ನ ಹಡಗಲ್ಲಿ ಹುಟ್ಟು ಹಾಕೋಕೆ ಸರಪಳಿ ಬಿಗಿದು ಕಳಿಸೋರು, ಹೆಂಗಸರನ್ನ ಈ ಗೋಪುರಕ್ಕೆ. ಮರೀ ದ್ಯುರಾನ್ ಅನ್ನೋ ಹುಡುಗೀನ 1730ರಲ್ಲಿ ತಂದು ಹಾಕಿದ್ರು, ಇನ್ನೂ 20 ತುಂಬಿರ್ಲಿಲ್ಲ. ಅವಳ ಅಣ್ಣ ಪಿಯೆರ್ ಪ್ರಾಟೆಸ್ಟೆಂಟರ ಪಾಸ್ಟರ್, ಅಂದ್ರೆ ಸಭೆಯ ಬೋಧಕ ಆಗಿದ್ದ, ಅದೇ ಅವಳ ತಪ್ಪು. ಅವನನ್ನ 1732ರಲ್ಲಿ ಗಲ್ಲಿಗೇರಿಸಿದ್ರು. ಅವಳನ್ನ ಬಿಟ್ಟಿದ್ದು 1768ರಲ್ಲಿ. 38 ವರ್ಷ!

ಮೇಲಿನ ಕೋಣೆಯ ನೆಲದ ಮಧ್ಯ ಒಂದು ದುಂಡು ಕಿಂಡಿ ಇದೆ, ಅದರ ಕಲ್ಲಿನ ಅಂಚಲ್ಲಿ ಒಂದು ಪದ ಕೆತ್ತಿದೆ, ಬಗ್ಗಿ ನೋಡ್ಬೇಕು. ‘ಎದುರಿಸಿ ನಿಲ್ಲು’ ಅನ್ನೋ ಅರ್ಥದ ಫ್ರೆಂಚ್ ಪದ, résister. ಎಸ್ ಇರ್ಬೇಕಾದ ಕಡೆ ಜಿ ಇದೆ, ಪ್ರೂಫ್ ತಿದ್ದೋ ನನ್ನಂಥವ್ರಿಗೆ ಮೊದಲು ಕಣ್ಣಿಗೆ ಬೀಳೋದು ಅದೇ. ಆಮೇಲೆ ನಾಚಿಕೆ ಆಯ್ತು. ಮರೀನೇ ಕೆತ್ತಿದ್ದು ಅಂತ ಹಿಂದಿನಿಂದ ಹೇಳ್ಕೊಂಡು ಬಂದಿದಾರೆ. ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಒಂದಿನ ‘ನನ್ನ ನಂಬಿಕೆ ಬಿಟ್ಟೆ’ ಅಂತ ಹೇಳಿದ್ರೆ ಸಾಕಿತ್ತು, ಬಾಗಿಲು ತೆಗೀತಿದ್ರು. ಹಾಗೆ ಹೇಳಿ ಹೊರಗೆ ಹೋದವರೂ ಇದ್ರು, ಅವರನ್ನ ದೂರೋಕೆ ನಾನ್ಯಾರು, ಪಾರ್ಕಿಂಗ್ ಸಿಗಲ್ಲ ಅಂತ ಭಾನುವಾರ ಚರ್ಚ್ ತಪ್ಪಿಸೋನು.

ನಿಜ ಹೇಳ್ಬೇಕಂದ್ರೆ ದೊಡ್ಡ ದೊಡ್ಡ ಕೆಥೆಡ್ರಲ್‌ಗಳನ್ನ ನೋಡಿ ನಂಗೆ ಕತ್ತು ನೋವು ಬಂದಿದೆಯೇ ಹೊರತು ವಿಶ್ವಾಸಕ್ಕೆ ಬಲ ಬಂದಿದ್ದು ಕಮ್ಮಿ. ಇಲ್ಲಿ ಹಾಗಾಗ್ಲಿಲ್ಲ. ಮರೀ ಏನೂ ಪವಾಡ ಮಾಡ್ಲಿಲ್ಲ, ಜೊತೆಗಿದ್ದವ್ರಿಗೋಸ್ಕರ ಸಹಾಯ ಕೇಳಿ ಪತ್ರ ಬರೀತಾ ಇದ್ಲು, ದಿನ ದೂಡ್ತಾ ಇದ್ಲು, ಅಷ್ಟೆ. ಅದೇ ನಂಗೆ ಧೈರ್ಯ ಕೊಟ್ಟಿದ್ದು, ಯಾಕಂದ್ರೆ ಪವಾಡ ನನ್ನ ಕೈಲಾಗಲ್ಲ, ದಿನ ದೂಡೋದು ಆಗ್ಬಹುದೇನೋ.

ಮಾರನೇ ದಿನ ಮಿಯಾಲೆ ಅನ್ನೋ ಹಳ್ಳಿ ಹತ್ರದ ಮ್ಯೂಸಿಯಂಗೆ ಹೋದ್ವಿ, 1911ರಲ್ಲಿ ಶುರುವಾಗಿದ್ದು. ಹೆಸರು ಅಡವಿಯ ಮ್ಯೂಸಿಯಂ, ನಮ್ಮ ಬೈಬಲ್‌ನಲ್ಲಿ ಇಸ್ರಾಯೇಲ್ಯರು ಅಲೆದ ಅಡವಿ ಇದೆಯಲ್ಲ, ಅದೇ. ಪ್ರಾಟೆಸ್ಟೆಂಟರು ಕಾಡಲ್ಲಿ ಕದ್ದು ಆರಾಧನೆ ಮಾಡ್ತಿದ್ದ ಆ ಕಾಲಕ್ಕೆ ಈ ಹೆಸರು. ಮಡಚಿದ್ರೆ ಪೀಪಾಯಿ ಥರ ಕಾಣೋ ಪ್ರಸಂಗಪೀಠ (ಪಾಸ್ಟರ್ ನಿಂತು ಬೋಧಿಸೋ ಪೀಠ), ಬಿಚ್ಚಿ ಬಚ್ಚಿಡೋಕಾಗೋ ಪ್ರಭುಭೋಜನದ ಬಟ್ಟಲು (ಆರಾಧನೆಯಲ್ಲಿ ದ್ರಾಕ್ಷಾರಸ ಹಂಚೋದು), ಆಮೇಲೆ ಹೆಂಗಸರು ತುರುಬಲ್ಲಿ ಮುಚ್ಚಿಡ್ತಿದ್ದ ಪುಟಾಣಿ ಬೈಬಲ್. ನನ್ನ ಮಗಳು ಫೋನನ್ನ ತನ್ನ ಜುಟ್ಟಿಗೆ ಸಿಕ್ಕಿಸ್ಕೊಂಡು ನೋಡಿದ್ಲು, ನಿಲ್ಲಲಿಲ್ಲ. ಅವಳ ಫೋನಲ್ಲೂ ಇಡೀ ಬೈಬಲ್ ಇದೆ, ಕನ್ನಡದ್ದೂ ಇದೆ, ಕೊನೆಗೆ ಯಾವಾಗ ತೆಗೆದ್ಲೋ ನಾನು ಕೇಳ್ಲಿಲ್ಲ, ನನ್ನನ್ನ ಅವಳು ಕೇಳಿದ್ರೆ ಕಷ್ಟ.

ಸಂಘದ ಕ್ಯಾಥೋಲಿಕ್ ಗೆಳೆಯರೊಬ್ರು ಇದನ್ನೆಲ್ಲ ಕೇಳಿ, ‘ಸಾರ್, ಇಂಗ್ಲೆಂಡಲ್ಲಿ ನಮ್ಮವ್ರಿಗೂ ಇದೇ ಗತಿ’ ಅಂದ್ರು. ಹೌದು, ಲಂಡನ್ನಿನ ಹಳೇ ಗಲ್ಲಿನ ಜಾಗ ಟೈಬರ್ನ್‌ನಲ್ಲಿ 1535ರಿಂದ 1681ರವರೆಗೆ 105 ಕ್ಯಾಥೋಲಿಕರನ್ನ ಕೊಂದ್ರು, ಹಾರ್ವಿಂಗ್ಟನ್ ಹಾಲ್ ಅನ್ನೋ ಹಳೇ ಬಂಗಲೆಯಲ್ಲಿ ಮೆಟ್ಟಿಲು ಎತ್ತಿದ್ರೆ ಕೆಳಗೆ ಕ್ಯಾಥೋಲಿಕ್ ಪಾದ್ರಿಗಳು ಅಡಗ್ತಿದ್ದ ಗೂಡು. ಅಲ್ಲಿಗೆ ಅವ್ರ ಜೊತೆ ಹೋಗೋದು ಅಂತ ಮಾತಾಗಿದೆ.

ಅಂದಹಾಗೆ ಆ ಅಡವಿ ಮ್ಯೂಸಿಯಂ ಮುಂದೆ ಪ್ರತಿವರ್ಷ ಸೆಪ್ಟೆಂಬರ್ ಮೊದಲ ಭಾನುವಾರ ಸಾವಿರಾರು ಜನ ಸೇರಿ ಮರದಡಿ ಆರಾಧನೆ ಮಾಡ್ತಾರೆ. ಮುಂದಿನ ಸಲ ಹೋಗೋ ಪ್ಲ್ಯಾನ್ ಇದೆ. ಕಾರಲ್ಲಿ ಎರಡು ಸೀಟ್ ಖಾಲಿ, ಬರೋರು ಹೇಳಿ.