ಸಿರಿಯಾದಲ್ಲಿ ಹುಡುಕಾಟ ಮುಗಿದಿಲ್ಲ

ಸಂಪಾದಕರೇ,

2024ರ ಡಿಸೆಂಬರ್ 8ರಂದು ಸಿರಿಯಾದ ಅಧ್ಯಕ್ಷ ಬಷರ್ ಅಲ್ ಅಸಾದ್ ರಾಜಧಾನಿ ಡಮಾಸ್ಕಸ್ ಬಿಟ್ಟು ಓಡಿಹೋದರು. ಅಪ್ಪ, ಮಗ ಸೇರಿ ಐವತ್ತು ವರ್ಷಕ್ಕೂ ಜಾಸ್ತಿ ನಡೆಸಿದ ದರ್ಬಾರು ಎರಡೇ ವಾರದೊಳಗೆ ಕುಸಿಯಿತು. ಖುಷಿಯಾಯಿತು, ನಿಜ.

ಆದರೆ ಅಸಾದ್ ಆಡಳಿತ ವಿರೋಧಿಗಳನ್ನು ಕೂಡಿಹಾಕುತ್ತಿದ್ದ ಸೆದ್ನಾಯಾ ಜೈಲಿನ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿಲು ತೆರೆದ ಸುದ್ದಿ ಕೇಳಿ ಜನ ಓಡಿ ಬಂದರು. ನೆಲದ ಮೇಲೆ ಚೆಲ್ಲಿದ್ದ ಕಾಗದಗಳನ್ನು ಮೊಬೈಲ್ ಬೆಳಕಲ್ಲಿ ತಿರುವಿ ಹಾಕುತ್ತಾ ಮಗನ ಹೆಸರು, ಅಣ್ಣನ ಹೆಸರು ಹುಡುಕಿದರು. ನೆಲದಡಿ ಇನ್ನೂ ಕೋಣೆಗಳಿವೆ ಎಂದು ನಂಬಿ ಕಾಂಕ್ರೀಟ್ ಒಡೆದರು. ಯಾರೂ ಸಿಗಲಿಲ್ಲ. ನಾಪತ್ತೆಯಾದವರು ಲಕ್ಷಕ್ಕೂ ಜಾಸ್ತಿ ಎಂಬ ಅಂದಾಜಿದೆ. ಆ ಕಾಗದಗಳನ್ನಾದರೂ ಮೊದಲ ದಿನವೇ ಜೋಪಾನ ಮಾಡಬೇಕಿತ್ತು, ಅಲ್ವಾ?

ಈಗ ಅಧಿಕಾರ ಬಂಡುಕೋರರ ನಾಯಕರಾಗಿದ್ದ ಅಹ್ಮದ್ ಅಲ್ ಶರಾ ಕೈಗೆ ಬಂದಿದೆ. ಒಂದು ಕಾಲದಲ್ಲಿ ಅಲ್ ಖೈದಾ ಜೊತೆಗಿದ್ದವರು. 2025ರ ಮಾರ್ಚ್‌ನಲ್ಲಿ ಕರಾವಳಿಯಲ್ಲಿ ಅಸಾದ್ ಅವರದೇ ಪಂಗಡವಾದ ಅಲಾವಿಯ ನೂರಾರು ಜನರ ಕೊಲೆಯಾಯಿತು. ಅದೇ ತಿಂಗಳು ಬಂದ ತಾತ್ಕಾಲಿಕ ಸಂವಿಧಾನ ಮಧ್ಯಂತರ ಆಡಳಿತಕ್ಕೆ ಐದು ವರ್ಷದ ಅವಧಿ ಇಟ್ಟುಕೊಂಡಿದೆ. ಅಷ್ಟು ದಿನ ಪ್ರಶ್ನೆ ಕೇಳುವವರು ಯಾರು? ನನಗೆ ಭಯವಿರುವುದು ಅಲ್ಲೇ. ಹಳೆಯ ಕೊಲೆಗಾರರ ಜೊತೆ ಕರಾವಳಿಯಲ್ಲಿ ಕೊಂದ ಹೊಸಬರ ವಿಚಾರಣೆಯೂ ನಡೆಯಲಿ.

– ಒಬ್ಬ ಓದುಗ, ಶಿವಮೊಗ್ಗ